ವಾಲ್ವ್‌ಗೆ ಕಡಿವಾಣ ಹಾಕಿದ ಕಥೆ

ಅದು 1970ರ ದಶಕ. ರಬಕವಿ-ಬನಹಟ್ಟಿಗೆ ಸಮೀಪದ ಒಂದು ಊರಿನ ಜಾತ್ರೆ. ರಾತ್ರಿ ಹತ್ತಕ್ಕೆ ಶುರುವಾದ ನಾಟಕ ನಡುರಾತ್ರಿ ದಾಟಿತ್ತು. ರಂಗಮಂಚದ ಪಕ್ಕದಲ್ಲಿ ಮೈಕ್‌ಸೆಟ್ಟಿನವರ ಪೆಟ್ಟಿಗೆ. ಅದರ ಜಾಲರಿ ಮುಚ್ಚಳದೊಳಗೆ ನಾಲ್ಕಾರು ಗಾಜಿನ ವಾಲ್ವ್‌ಗಳು ಮಂದವಾಗಿ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದ್ದವು. ಕಾಲೇಜು ವಿದ್ಯಾರ್ಥಿಯಾಗಿದ್ದ ನನಗೆ ನಾಟಕಕ್ಕಿಂತ ಆ ಪೆಟ್ಟಿಗೆಯ ಮೇಲೆಯೇ ಕಣ್ಣು. ನೋಡುತ್ತಿದ್ದಂತೆ ಹಾಡಿನ ದನಿ ಒಡೆಯತೊಡಗಿತು. ಒಂದು ವಾಲ್ವ್‌ನ ಒಳಗಿನ ಕಪ್ಪು ತಗಡು ನಿಧಾನವಾಗಿ ಕೆಂಪಾಯಿತು, ಒಲೆಯಲ್ಲಿಟ್ಟ ಕಬ್ಬಿಣದ ಹಾಗೆ. "ಲೇ ತಮ್ಮಾ, ಮೊದ್ಲ ಮೇನ್ ತೆಗಿ!" ಎಂದು ಮೈಕ್‌ಸೆಟ್ಟಿನ ಹಿರಿಯರು ಕೂಗಿದರು. ನಾನೇ ಹತ್ತಿರದಲ್ಲಿದ್ದೆ, ಸ್ವಿಚ್ ಆರಿಸಿದೆ. ಊರೆಲ್ಲ ಗಪ್ಪಾಯಿತು.

"ಬಯಾಸ್ ಹೋತು" ಎಂದರು ಅವರು. ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಬಯಾಸ್ ಎಂದರೇನು? ಅದು ಎಲ್ಲಿಗೆ ಹೋಯಿತು? ಹೋದರೆ ತಗಡೇಕೆ ಕೆಂಪಾಗಬೇಕು? ಆ ರಾತ್ರಿಯ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ವಿದ್ಯುನ್ಮಾನ ವಿಜ್ಞಾನದ ನೂರು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಇದು ಬರೀ ಹಳೆಯ ಕಥೆಯೂ ಅಲ್ಲ. ಗಿಟಾರ್ ನುಡಿಸುವ ಹುಡುಗರು ಇಂದು ಮತ್ತೆ ವಾಲ್ವ್ ಆಂಪ್ಲಿಫೈಯರ್‌ಗಳನ್ನು ಮನೆಯಲ್ಲೇ ಕಟ್ಟುತ್ತಿದ್ದಾರೆ. ನೀವೂ ಅಂಥವರಲ್ಲಿ ಒಬ್ಬರಾಗಿದ್ದರೆ ಈ ಚರಿತ್ರೆ ನಿಮ್ಮ ವಾಲ್ವನ್ನೂ ಉಳಿಸೀತು, ನಿಮ್ಮನ್ನೂ ಉಳಿಸೀತು.

ಕಾಲುವೆಯ ತೂಬು

ಮೊದಲು ವಾಲ್ವ್ ಎಂದರೇನೆಂದು ತಿಳಿಯೋಣ. ಘಟಪ್ರಭಾ ಕಾಲುವೆಯ ನೀರು ಬರುವ ಮುಧೋಳ, ಜಮಖಂಡಿ ಕಡೆಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಕಾಲುವೆಯಲ್ಲಿ ನೀರು ತುಂಬಿದೆ. ನಿಮ್ಮ ಕಬ್ಬಿನ ಹೊಲಕ್ಕೆ ಹೋಗುವ ನೀರನ್ನು ತಡೆಯುವುದು ಒಂದು ತೂಬಿನ ಬಾಗಿಲು. ಬಾಗಿಲನ್ನು ಒಂದಿಷ್ಟು ಮೇಲೆ ಕೆಳಗೆ ಸರಿಸಲು ಬೇಕಾದ ಬಲ ಅಲ್ಪ. ಆದರೆ ಅದರಿಂದ ಹತೋಟಿಗೆ ಬರುವ ನೀರಿನ ಬಲ ಅಪಾರ.

ವಾಲ್ವ್‌ನಲ್ಲಿ ನೀರಿನ ಬದಲು ಇಲೆಕ್ಟ್ರಾನುಗಳು ಹರಿಯುತ್ತವೆ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಬಿಸಿಯಾದ ಕ್ಯಾಥೋಡ್ ಇಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಹೊರಗಿನ ತಗಡಿಗೆ, ಅಂದರೆ ಆನೋಡಿಗೆ, ಧನ ವೋಲ್ಟೇಜ್ ಕೊಟ್ಟರೆ ಅವು ಅದರತ್ತ ಧಾವಿಸುತ್ತವೆ. ಇವೆರಡರ ನಡುವೆ ಇರುವ ತಂತಿಯ ಸುರುಳಿಯೇ ಗ್ರಿಡ್. ಅದೇ ನಮ್ಮ ತೂಬು. ಗ್ರಿಡ್ಡಿಗೆ ಋಣ ವೋಲ್ಟೇಜ್ ಕೊಟ್ಟಷ್ಟೂ ಬಾಗಿಲು ಮುಚ್ಚುತ್ತ ಹೋಗುತ್ತದೆ, ಕಡಿಮೆ ಮಾಡಿದರೆ ತೆರೆಯುತ್ತ ಹೋಗುತ್ತದೆ. ಮೈಕಿನಿಂದಲೋ ಗಿಟಾರಿನಿಂದಲೋ ಬಂದ ಸಣ್ಣ ಸಂಕೇತ ಈ ಬಾಗಿಲನ್ನು ಅಲುಗಾಡಿಸುತ್ತದೆ. ಆನೋಡಿನಲ್ಲಿ ಅದೇ ಅಲುಗಾಟದ ದೊಡ್ಡ ರೂಪ ಸಿಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸಂಕೇತ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ. ಬಾಗಿಲು ಮೊದಲೇ ಪೂರ್ತಿ ಮುಚ್ಚಿದ್ದರೆ ಇನ್ನಷ್ಟು ಮುಚ್ಚಲು ಎಡೆಯಿಲ್ಲ. ಪೂರ್ತಿ ತೆರೆದಿದ್ದರೆ ಇನ್ನಷ್ಟು ತೆರೆಯಲು ಬರುವುದಿಲ್ಲ, ಹೊಲವೂ ಕೊಚ್ಚಿಹೋಗುತ್ತದೆ. ಆದ್ದರಿಂದ ಸಂಕೇತ ಬರುವ ಮುನ್ನವೇ ಬಾಗಿಲನ್ನು ಎಷ್ಟು ತೆರೆದಿಡಬೇಕೆಂದು ನಿಶ್ಚಯಿಸಬೇಕು. ಹೀಗೆ ಗ್ರಿಡ್ಡಿಗೆ ಮೊದಲೇ ಕೊಟ್ಟಿರುವ ಸ್ಥಿರವಾದ ಋಣ ವೋಲ್ಟೇಜೇ ಬಯಾಸ್.

ಮೂರನೆಯ ಬ್ಯಾಟರಿ

ಇಷ್ಟು ಸರಳವಾದ ಸಂಗತಿ ವಿಜ್ಞಾನಿಗಳಿಗೆ ಹೊಳೆಯಲು ಹಲವು ವರ್ಷಗಳೇ ಬೇಕಾದವು. ಬಿಸಿ ತಂತುವಿನಿಂದ ನಿರ್ವಾತದ ಮೂಲಕ ವಿದ್ಯುತ್ ಹರಿಯುವುದನ್ನು ಥಾಮಸ್ ಎಡಿಸನ್ 1880ರ ದಶಕದಲ್ಲೇ ಗಮನಿಸಿದ್ದ. ಹರಿಯುವುದು ಏನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಇಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ ಕಂಡುಹಿಡಿದದ್ದು 1897ರಲ್ಲಿ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಅಗ್ರಗಳ ವಾಲ್ವ್ ಮಾಡಿದ. ವಿದ್ಯುತ್ ಒಂದೇ ದಿಕ್ಕಿಗೆ ಹರಿಯುತ್ತಿದ್ದುದರಿಂದಲೇ ಅದಕ್ಕೆ ವಾಲ್ವ್, ಅಂದರೆ ಕವಾಟ, ಎಂಬ ಹೆಸರು ಬಂತು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಮೂರನೆಯ ಅಗ್ರವನ್ನು ಸೇರಿಸಿ ‘ಆಡಿಯಾನ್’ ಎಂದು ಕರೆದ. ಗ್ರಿಡ್ ಹುಟ್ಟಿತು.

ಆದರೆ ತಾನು ಮಾಡಿದ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದು ಡಿ ಫಾರೆಸ್ಟನಿಗೇ ಸ್ಪಷ್ಟವಿರಲಿಲ್ಲ. ಬುರುಡೆಯಲ್ಲಿ ಒಂದಿಷ್ಟು ಅನಿಲ ಉಳಿದಿರಲೇಬೇಕು ಎಂದು ಅವನು ನಂಬಿದ್ದ. ಅವನ ಆಡಿಯಾನ್ ರೇಡಿಯೊ ಸಂಕೇತಗಳನ್ನು ಪತ್ತೆಹಚ್ಚುತ್ತಿತ್ತು. ಮಾತನ್ನು ಸೊಟ್ಟಾಗದಂತೆ ದೊಡ್ಡದು ಮಾಡುವ ಕೆಲಸಕ್ಕೆ ಅದು ಒಗ್ಗಿರಲಿಲ್ಲ.

ಈ ಹಂತದಲ್ಲಿ ಬರುತ್ತಾನೆ ಫ್ರಿಟ್ಜ್ ಲೋವೆನ್‌ಸ್ಟೈನ್. ಹಿಂದೆ ನಿಕೋಲಾ ಟೆಸ್ಲಾನ ಸಹಾಯಕನಾಗಿದ್ದ ಈ ಎಂಜಿನಿಯರ್ ಗ್ರಿಡ್ಡಿಗೆ ಋಣ ವೋಲ್ಟೇಜ್ ಕೊಟ್ಟರೆ ವರ್ಧನೆ ಶುದ್ಧವಾಗುತ್ತದೆ ಎಂದು ಕಂಡುಕೊಂಡು 1912ರ ಏಪ್ರಿಲ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಪೇಟೆಂಟ್ ಕೈಗೆ ಬಂದದ್ದು 1917ರಲ್ಲಿ. ಅಮೆರಿಕದ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿ ಅದನ್ನು ಕೊಂಡುಕೊಂಡಿತು. ಒಂದು ಸಣ್ಣ ಬ್ಯಾಟರಿಯನ್ನು ತಿರುಗಿಸಿ ಜೋಡಿಸುವ ಉಪಾಯಕ್ಕೆ ದೊಡ್ಡ ಸಂಸ್ಥೆಯೊಂದು ಹಣ ಕೊಟ್ಟಿತೆಂದರೆ ಅದರ ಬೆಲೆ ಎಷ್ಟೆಂದು ಊಹಿಸಿ. ಇದೇ ವೇಳೆಗೆ ಹೆರಾಲ್ಡ್ ಆರ್ನಾಲ್ಡ್ ಮತ್ತು ಇರ್ವಿಂಗ್ ಲ್ಯಾಂಗ್‌ಮ್ಯೂರ್ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಬುರುಡೆಯ ಅನಿಲವನ್ನು ಪೂರ್ತಿ ಹೊರತೆಗೆದರು. 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ದೂರವಾಣಿ ಮಾತು ಹರಿಯಿತು. ದಾರಿಯಲ್ಲಿ ಬಳಲಿದ ದನಿಗೆ ಬಲ ತುಂಬಿದ್ದು ವಾಲ್ವ್‌ಗಳು.

1920ರ ದಶಕದ ರೇಡಿಯೊಗಳಿಗೆ ಮೂರು ಬ್ಯಾಟರಿಗಳು ಬೇಕಾಗುತ್ತಿದ್ದವು. ತಂತುವನ್ನು ಕಾಯಿಸಲು ‘ಎ’ ಬ್ಯಾಟರಿ, ಆನೋಡಿಗೆ ‘ಬಿ’ ಬ್ಯಾಟರಿ, ಗ್ರಿಡ್ಡಿನ ಬಯಾಸ್‌ಗೆ ‘ಸಿ’ ಬ್ಯಾಟರಿ. ಸಿ ಬ್ಯಾಟರಿಯಿಂದ ವಿದ್ಯುತ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ, ಅದು ಸುಮ್ಮನೆ ಒಂದು ವೋಲ್ಟೇಜನ್ನು ಹಿಡಿದುಕೊಂಡು ನಿಂತಿರುತ್ತದೆ. ಕೆಲಸವಿಲ್ಲದ ಆಳು ಎಂದು ಅದನ್ನು ತೆಗೆದುಹಾಕಿದವರ ವಾಲ್ವ್‌ಗಳು ಬೇಗನೆ ಸವೆಯುತ್ತಿದ್ದವು, ಬಿ ಬ್ಯಾಟರಿಯೂ ಬೇಗ ಬರಿದಾಗುತ್ತಿತ್ತು!

ಮೈಸೂರು, ಧಾರವಾಡ, ನಮ್ಮೂರು

ಕನ್ನಡ ನಾಡಿಗೆ ವಾಲ್ವ್ ತಂದ ಮೊದಲ ದೊಡ್ಡ ಸಡಗರವೆಂದರೆ ಮೈಸೂರಿನ ಬಾನುಲಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಅದಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಆರಂಭದ ಪ್ರೇಷಕದ ಸಾಮರ್ಥ್ಯ ಎಷ್ಟು ಗೊತ್ತೇ? ಬರೀ 30 ವಾಟ್! ಮುಂದೆ ಜಾತ್ರೆಗಳಿಗೆ ಬಂದ ಸಾಧಾರಣ ಮೈಕ್‌ಸೆಟ್ಟಿನ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ.

ನಮ್ಮ ಕಡೆಯ ಸ್ಥಿತಿ ಬೇರೆ. ಜಮಖಂಡಿ ಮತ್ತು ಮುಧೋಳ ಆಗ ಎರಡು ಪ್ರತ್ಯೇಕ ಸಂಸ್ಥಾನಗಳು. ಜಮಖಂಡಿಯಲ್ಲಿ ಪಟವರ್ಧನರ ಆಳ್ವಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಂಸ್ಥಾನಗಳು 1948ರಲ್ಲಿ ವಿಲೀನವಾದವು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ನಿಲಯ ಆರಂಭವಾದಾಗ ಈ ಭಾಗಕ್ಕೆ ತನ್ನದೇ ಮಾತಿನ ಬಾನುಲಿ ದೊರೆಯಿತು.

ವಿದ್ಯುತ್ ತಲುಪದ ಹಳ್ಳಿಗಳಲ್ಲಿ ಒಣ ಬ್ಯಾಟರಿಯ ವಾಲ್ವ್ ರೇಡಿಯೊಗಳು ಬಂದವು. ಇವುಗಳ ವಾಲ್ವ್ ಹೆಸರು ‘ಡಿ’ ಅಕ್ಷರದಿಂದ ಶುರುವಾಗುತ್ತಿತ್ತು. ತಂತುವಿಗೆ 1.4 ವೋಲ್ಟ್, ಆನೋಡಿಗೆ 90 ವೋಲ್ಟ್. ಇವುಗಳಲ್ಲಿ ಸಿ ಬ್ಯಾಟರಿ ಕಾಣುವುದಿಲ್ಲ. ಹಾಗಾದರೆ ಬಯಾಸ್ ಎಲ್ಲಿಂದ? 90 ವೋಲ್ಟಿನ ಬ್ಯಾಟರಿಯ ಋಣ ತುದಿಗೂ ಷಾಸಿಗೂ ನಡುವೆ ಒಂದು ರೆಸಿಸ್ಟರ್ ಹಾಕುತ್ತಿದ್ದರು. ಸೆಟ್ಟಿನ ಒಟ್ಟು ವಿದ್ಯುತ್ ಅದರ ಮೂಲಕ ಮರಳುವಾಗ ಕೆಲವು ವೋಲ್ಟುಗಳಷ್ಟು ಇಳಿತ ಉಂಟಾಗಿ ಅದೇ ಬಯಾಸ್ ಆಗುತ್ತಿತ್ತು. ಮೂರನೆಯ ಬ್ಯಾಟರಿಯ ಖರ್ಚನ್ನು ಒಂದು ಅಗ್ಗದ ರೆಸಿಸ್ಟರ್ ಉಳಿಸಿತು.

ಅಲ್ಲಿಯವರೆಗೆ ವಾಲ್ವ್‌ಗಳೆಲ್ಲ ಹೊರದೇಶದವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಆದರೆ ಕಾಲ ಆಗಲೇ ಓಡುತ್ತಿತ್ತು. 1947ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ವಾಲ್ವನ್ನು ಬೆನ್ನಟ್ಟಿ ಬಂದಿತ್ತು. ಮರುವರ್ಷ 1962ರಲ್ಲೇ ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ತಾಯಿಯೂ ಮಗಳೂ ಒಂದೇ ಮನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದಂತಾಯಿತು!

ಮೈಕ್‌ಸೆಟ್ಟಿನ ದಿನಗಳು

ಕಂಪನಿ ನಾಟಕ, ಸಣ್ಣಾಟ, ‘ಶ್ರೀಕೃಷ್ಣ ಪಾರಿಜಾತ’ಗಳ ಸೀಮೆ ನಮ್ಮದು. ಕಾಲುಪೆಟ್ಟಿಗೆಯ ಮುಂದೆ ನಿಂತು ಸಾವಿರಾರು ಜನಕ್ಕೆ ಕೇಳಿಸುವಂತೆ ಹಾಡುತ್ತಿದ್ದ ಕಲಾವಿದರಿಗೆ ಮೈಕು ಬಂದದ್ದು ದೊಡ್ಡ ಬದಲಾವಣೆ. ದನಿ ಇದ್ದವನೇ ನಟ ಎಂಬ ಕಾಲ ಹೋಗಿ, ಮೆಲ್ಲಗೆ ಹಾಡಿದರೂ ನಡೆಯುವ ಕಾಲ ಬಂತು. ಟ್ರಾನ್ಸಿಸ್ಟರ್ ರೇಡಿಯೊಗಳು ಮನೆಮನೆಗೆ ಬಂದ ಮೇಲೂ ಮೈಕ್‌ಸೆಟ್ಟುಗಳಲ್ಲಿ ವಾಲ್ವ್ ಬಹಳ ಕಾಲ ಉಳಿಯಿತು. ಅದಕ್ಕೆ ಕಾರಣವೂ ಇದೆ. ಸ್ಪೀಕರ್ ತಂತಿ ಒಂದು ಕ್ಷಣ ತಾಗಿಕೊಂಡರೆ ಆ ಕಾಲದ ಟ್ರಾನ್ಸಿಸ್ಟರ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತಿತ್ತು. ವಾಲ್ವ್ ಮಾತ್ರ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತಿತ್ತು. ತಗಡು ಕೆಂಪಾಗುವುದು ಒಂದು ರೀತಿಯಲ್ಲಿ ಅದರ ಎಚ್ಚರಿಕೆಯ ಕೂಗು.

ಹಾರ್ಮೋನಿಯಂ, ತಬಲಾಗಳ ಜೊತೆಗೆ ರಸಮಂಜರಿ ಕಾರ್ಯಕ್ರಮಗಳು ಬಂದಾಗ ವಿದ್ಯುತ್ ಗಿಟಾರೂ ಬಂತು. ಗಿಟಾರಿಗೆಂದೇ ಮಾಡಿದ ಆಂಪ್ಲಿಫೈಯರ್ ಇಲ್ಲದೆಡೆ ಅದನ್ನೂ ಮೈಕ್‌ಸೆಟ್ಟಿಗೇ ಸಿಕ್ಕಿಸುತ್ತಿದ್ದರು. ಇದರಲ್ಲಿ ವಿಚಿತ್ರವೇನೂ ಇಲ್ಲ, ಎರಡೂ ಒಂದೇ ಕುಲದವು. ಅಮೆರಿಕದ ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿಯವನು. ಅವನ ಆರಂಭದ ಗಿಟಾರ್ ಆಂಪ್ಲಿಫೈಯರ್‌ಗಳ ಮಂಡಲಗಳು ವಾಲ್ವ್ ಕಂಪನಿಗಳ ಕೈಪಿಡಿಯಲ್ಲಿದ್ದ ಮಂಡಲಗಳಿಗೆ ತೀರ ಹತ್ತಿರದವು. 1962ರಲ್ಲಿ ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವನ ಸಂಗಡಿಗರು ಫೆಂಡರನ ‘ಬಾಸ್‌ಮನ್’ ಆಂಪ್ಲಿಫೈಯರನ್ನು ನೋಡಿ ತಮ್ಮದನ್ನು ಕಟ್ಟಿದರು. ಅದನ್ನು ಗಟ್ಟಿಯಾಗಿ ನುಡಿಸಿದಾಗ ದನಿ ಸ್ವಲ್ಪ ಒಡೆಯುತ್ತಿತ್ತು. ಮೈಕ್‌ಸೆಟ್ಟಿನವರಿಗೆ ದೋಷವಾಗಿದ್ದದ್ದು ಗಿಟಾರಿನವರಿಗೆ ಗುಣವಾಯಿತು! ಈ ದನಿಗಾಗಿಯೇ ಇಂದಿಗೂ ಸ್ಲೊವಾಕಿಯಾ, ರಷ್ಯ ಮತ್ತು ಚೀನಗಳಲ್ಲಿ ವಾಲ್ವ್‌ಗಳು ತಯಾರಾಗುತ್ತಿವೆ.

ಬಯಾಸ್‌ನ ಎರಡು ದಾರಿಗಳು

1920ರ ದಶಕದ ಕೊನೆಗೆ ಮನೆಯ ಎ.ಸಿ. ವಿದ್ಯುತ್ತಿನಿಂದಲೇ ಕಾಯುವ, ಪ್ರತ್ಯೇಕ ಕ್ಯಾಥೋಡ್ ಇರುವ ವಾಲ್ವ್‌ಗಳು ಬಂದವು. ಆಗ ಒಂದು ಜಾಣ ಉಪಾಯ ಬಳಕೆಗೆ ಬಂತು. ಗ್ರಿಡ್ಡನ್ನು ಋಣಕ್ಕೆ ಇಳಿಸುವ ಬದಲು ಕ್ಯಾಥೋಡನ್ನೇ ಧನಕ್ಕೆ ಏರಿಸಿದರಾಯಿತಲ್ಲ? ಗ್ರಿಡ್ಡಿನ ಪಾಲಿಗೆ ಎರಡೂ ಒಂದೇ. ಕ್ಯಾಥೋಡಿಗೂ ಷಾಸಿಗೂ ನಡುವೆ ಒಂದು ರೆಸಿಸ್ಟರ್ ಹಾಕಿ, ಹರಿಯುವ ವಿದ್ಯುತ್ತು ತನ್ನ ಬಯಾಸನ್ನು ತಾನೇ ಉಂಟುಮಾಡುವಂತೆ ಮಾಡಿದರು. ಇದು ಕ್ಯಾಥೋಡ್ ಬಯಾಸ್.

ಇಎಲ್84 ಎಂಬ ವಾಲ್ವನ್ನೇ ತೆಗೆದುಕೊಳ್ಳಿ. ಹೆಸರಿನ ಮೊದಲ ಅಕ್ಷರ ‘ಇ’ ಎಂದರೆ ತಂತುವಿಗೆ 6.3 ವೋಲ್ಟ್, ‘ಎಲ್’ ಎಂದರೆ ಸ್ಪೀಕರನ್ನು ನಡೆಸುವ ಪೆಂಟೋಡ್. ಆನೋಡಿಗೆ 250 ವೋಲ್ಟ್ ಇದ್ದಾಗ ಅದಕ್ಕೆ ಬೇಕಾದ ಬಯಾಸ್ 7.3 ವೋಲ್ಟ್. ಆಗ ಆನೋಡಿನಲ್ಲಿ 48, ಸ್ಕ್ರೀನಿನಲ್ಲಿ 5.5, ಒಟ್ಟು 53.5 ಮಿಲಿಆಂಪಿಯರ್ ಹರಿಯುತ್ತದೆ. ಶಾಲೆಯಲ್ಲಿ ಕಲಿತ ಓಮ್ ನಿಯಮ ಸಾಕು: 7.3ನ್ನು 0.0535ರಿಂದ ಭಾಗಿಸಿದರೆ ಸುಮಾರು 136 ಓಮ್. ವಾಲ್ವ್ ಮುಪ್ಪಾಗಿ ಕಡಿಮೆ ವಿದ್ಯುತ್ ಹರಿಸಿದರೆ ಬಯಾಸೂ ತಾನೇ ಇಳಿದು ಬಾಗಿಲನ್ನು ಒಂದಿಷ್ಟು ತೆರೆಯುತ್ತದೆ. ಹೆಚ್ಚು ಹರಿದರೆ ಬಯಾಸ್ ಏರಿ ಬಾಗಿಲನ್ನು ಎಳೆಯುತ್ತದೆ. ತಿರುಗಿಸಲು ಗುಂಡಿ ಬೇಡ, ಅಳೆಯಲು ಮೀಟರೂ ಅಷ್ಟಾಗಿ ಬೇಡ. ಹೊಸಬರು ಕಟ್ಟುವ ಮೊದಲ ಆಂಪ್ಲಿಫೈಯರಿಗೆ ಇದೇ ಸರಿ.

ಇದರ ಕೊರತೆಯೆಂದರೆ ಸಾಮರ್ಥ್ಯ. ಹೆಚ್ಚು ದನಿ ಬೇಕೆಂದು ಎರಡು ವಾಲ್ವ್‌ಗಳನ್ನು ಜೋಡೆತ್ತುಗಳಂತೆ ಎದುರುಬದುರು ದುಡಿಸುವ ಮಂಡಲಗಳಲ್ಲಿ ಪ್ರತ್ಯೇಕವಾದ ಋಣ ವೋಲ್ಟೇಜ್ ಮೂಲವನ್ನು ಇಡುತ್ತಾರೆ. ಹಳೆಯ ಸಿ ಬ್ಯಾಟರಿಯ ಜಾಗಕ್ಕೆ ಒಂದು ಡಯೋಡ್, ಎರಡು ಕೆಪಾಸಿಟರ್, ಒಂದು ಹೊಂದಾಣಿಕೆಯ ಪೊಟೆನ್ಷಿಯೋಮೀಟರ್ ಬಂದಿವೆ. ಇದಕ್ಕೆ ‘ಫಿಕ್ಸೆಡ್ ಬಯಾಸ್’ ಎಂದು ಹೆಸರು. ಹೆಸರು ಹಾಗಿದ್ದರೂ ಇದನ್ನೇ ನಾವು ಕೈಯಾರೆ ಹೊಂದಿಸಬೇಕು ಎಂಬುದು ತಮಾಷೆ.

ಹೊಂದಿಸುವ ಲೆಕ್ಕ

ನಿಮ್ಮ ಆಂಪ್ಲಿಫೈಯರಿನಲ್ಲಿ ಎರಡು ಇಎಲ್34 ವಾಲ್ವ್‌ಗಳಿವೆ ಎಂದುಕೊಳ್ಳಿ. ಇದರ ಆನೋಡ್ ಶಾಖವಾಗಿ ಸೈರಿಸಬಲ್ಲ ಗರಿಷ್ಠ ಶಕ್ತಿ 25 ವಾಟ್. ಸಂಕೇತವಿಲ್ಲದೆ ಸುಮ್ಮನಿರುವಾಗ ಇದರ ಶೇಕಡಾ 70ರ ಒಳಗೆ ಇಡುವುದು ರೂಢಿ, ಅಂದರೆ 17.5 ವಾಟ್. ಆನೋಡ್ ವೋಲ್ಟೇಜ್ 425 ಇದ್ದರೆ ಭಾಗಾಕಾರ ಮಾಡಿ: ಸುಮಾರು 41 ಮಿಲಿಆಂಪಿಯರ್.

ಅಳೆಯುವುದು ಹೇಗೆ? ಆಂಪ್ಲಿಫೈಯರ್ ಕಟ್ಟುವಾಗಲೇ ಪ್ರತಿ ವಾಲ್ವ್‌ನ ಕ್ಯಾಥೋಡಿಗೂ ಷಾಸಿಗೂ ನಡುವೆ ನಿಖರವಾದ 1 ಓಮ್ ರೆಸಿಸ್ಟರ್ ಹಾಕಿಡಿ. ಅದರ ಮೇಲೆ ಕಾಣುವ ಪ್ರತಿ ಮಿಲಿವೋಲ್ಟೂ ಒಂದು ಮಿಲಿಆಂಪಿಯರಿಗೆ ಸಮ. ಇದರಲ್ಲಿ ಸ್ಕ್ರೀನಿನ ಕೆಲವು ಮಿಲಿಆಂಪಿಯರೂ ಸೇರಿರುವುದರಿಂದ ಮೀಟರು 41 ತೋರಿಸಿದಾಗ ಆನೋಡಿನದು ಇನ್ನೂ ಕಡಿಮೆಯೇ. ತಪ್ಪಾದರೂ ಸುರಕ್ಷಿತ ಬದಿಗೆ ತಪ್ಪುತ್ತೇವೆ.

ಕ್ರಮ ಹೀಗಿರಲಿ. ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬೇಡಿ. ಪೊಟೆನ್ಷಿಯೋಮೀಟರನ್ನು ಮೊದಲು ಅತಿ ಹೆಚ್ಚು ಋಣ ವೋಲ್ಟೇಜ್ ಬರುವ ತುದಿಗೆ ತಿರುಗಿಸಿ. ವಾಲ್ವ್ ಸಿಕ್ಕಿಸುವ ಮುನ್ನವೇ ಸಾಕೆಟ್ಟಿನ ಗ್ರಿಡ್ ಕಾಲಿನಲ್ಲಿ ಆ ವೋಲ್ಟೇಜ್ ಇದೆಯೇ ಎಂದು ನೋಡಿ. ಅನಂತರ ಆರಿಸಿ, ವಾಲ್ವ್ ಹಾಕಿ, ಚಾಲೂ ಮಾಡಿ ನಿಧಾನವಾಗಿ ಬಾಗಿಲು ತೆರೆಯುತ್ತ ಬನ್ನಿ. ವಿದ್ಯುತ್ ಏರಿದಂತೆ ಆನೋಡ್ ವೋಲ್ಟೇಜ್ ಇಳಿಯುತ್ತದೆ, ಆದ್ದರಿಂದ ಮತ್ತೆ ಅಳೆದು ಮತ್ತೆ ಲೆಕ್ಕ ಹಾಕಿ. ಹದಿನೈದು ನಿಮಿಷ ಕಾದ ಮೇಲೆ ಇನ್ನೊಮ್ಮೆ ನೋಡಿ. ಬಾಗಿಲು ತೀರ ಮುಚ್ಚಿದ್ದರೆ ಮೆಲ್ಲಗೆ ನುಡಿಸಿದಾಗ ದನಿ ಒಣಗಿದಂತೆ, ಸೀಳಿದಂತೆ ಕೇಳುತ್ತದೆ. ಒಂದು ಎತ್ತು ಎಳೆಯುವುದನ್ನು ಬಿಟ್ಟ ಮೇಲೆ ಇನ್ನೊಂದು ಹಿಡಿಯುವಷ್ಟರಲ್ಲಿ ನೊಗ ಜೋತುಬಿದ್ದಂತೆ ಅದು. ತೀರ ತೆರೆದಿದ್ದರೆ ತಗಡು ಕೆಂಪಾಗುತ್ತದೆ.

ಪೊಟೆನ್ಷಿಯೋಮೀಟರಿನ ನಡುವಿನ ಸ್ಪರ್ಶ ಧೂಳಿನಿಂದ ಬಿಟ್ಟುಹೋದರೆ ಏನಾಗಬೇಕು? ಬಯಾಸ್ ಪೂರ್ತಿ ಋಣಕ್ಕೆ ಹೋಗಿ ದನಿ ನಿಲ್ಲಬೇಕು, ಸೊನ್ನೆಗೆ ಬಂದು ವಾಲ್ವ್ ಸುಡಬಾರದು. ಮಂಡಲವನ್ನು ಹಾಗೆಯೇ ಜೋಡಿಸಿ.

ಪಂಪ್‌ಸೆಟ್ಟು ನಿಂತಾಗ

ಇಲ್ಲೊಂದು ಮಾತು ನಮ್ಮ ಸೀಮೆಯವರಿಗೇ ವಿಶೇಷವಾಗಿ ಸಲ್ಲುತ್ತದೆ. ಬೇರೆ ದೇಶದ ಕೈಪಿಡಿಗಳು ವಿದ್ಯುತ್ ವೋಲ್ಟೇಜ್ ಸ್ಥಿರವಾಗಿದೆ ಎಂದು ನಂಬಿ ಬರೆದವು. ಪಂಪ್‌ಸೆಟ್ಟುಗಳು, ಮಗ್ಗಗಳು ಒಟ್ಟಿಗೆ ನಡೆಯುವ ಊರಿನಲ್ಲಿ 230 ವೋಲ್ಟ್ ಇರಬೇಕಾದಲ್ಲಿ 200 ಇದ್ದೀತು. ಅವೆಲ್ಲ ನಿಂತ ನಡುರಾತ್ರಿ 245 ಆದೀತು.

ನೀವು ಸಂಜೆ 200 ವೋಲ್ಟ್ ಇರುವಾಗ ಬಯಾಸ್ ಹೊಂದಿಸಿದಿರಿ ಎನ್ನಿ. ಆಗ ಆನೋಡ್ ವೋಲ್ಟೇಜ್ 425ರ ಬದಲು ಸುಮಾರು 370. 17.5 ವಾಟಿಗೆ 47 ಮಿಲಿಆಂಪಿಯರ್ ಇಟ್ಟಿರಿ. ನಡುರಾತ್ರಿ ಆನೋಡ್ ವೋಲ್ಟೇಜ್ 453ಕ್ಕೆ ಏರಿತು. ವಾಲ್ವ್‌ನ ಎಲ್ಲ ವೋಲ್ಟೇಜುಗಳೂ ಒಂದೇ ಪ್ರಮಾಣದಲ್ಲಿ ಏರಿದರೆ ಅದರ ವಿದ್ಯುತ್ತು ಆ ಏರಿಕೆಯ 3/2 ಘಾತದಂತೆ ಹೆಚ್ಚುತ್ತದೆ. ಇದು 1911ರಲ್ಲಿ ಚೈಲ್ಡ್, 1913ರಲ್ಲಿ ಲ್ಯಾಂಗ್‌ಮ್ಯೂರ್ ಕಂಡ ನಿಯಮ. ಏರಿಕೆ 1.225 ಪಟ್ಟು, ಅದರ 3/2 ಘಾತ ಸುಮಾರು 1.36. ಅಂದರೆ 64 ಮಿಲಿಆಂಪಿಯರ್. 453ರಿಂದ ಗುಣಿಸಿ: 29 ವಾಟ್! ವಾಲ್ವ್‌ನ ಮಿತಿ 25 ಎಂಬುದನ್ನು ನೆನಪಿಸಿಕೊಳ್ಳಿ. ನೀವು ಏನನ್ನೂ ಮುಟ್ಟಿಲ್ಲ, ಊರಿನ ಪಂಪ್‌ಸೆಟ್ಟುಗಳು ನಿಂತವು, ಅಷ್ಟೇ.

ಆದ್ದರಿಂದ ಬಯಾಸನ್ನು ವೋಲ್ಟೇಜ್ ಅತಿ ಹೆಚ್ಚಿರುವ ಹೊತ್ತಿನಲ್ಲಿ ಹೊಂದಿಸಿ. ಸಂಜೆ ದನಿ ಸ್ವಲ್ಪ ತಣ್ಣಗಿದ್ದರೂ ಚಿಂತೆಯಿಲ್ಲ. ಇನ್ನೊಂದು ಮಾತು: ಬಯಾಸ್ ಅಲುಗದಿರಲೆಂದು ಕೆಲವರು ಅದಕ್ಕೊಂದು ಜೀನರ್ ಡಯೋಡ್ ಹಾಕುತ್ತಾರೆ. ಆನೋಡ್ ಮತ್ತು ಸ್ಕ್ರೀನ್ ವೋಲ್ಟೇಜುಗಳು ಏರುತ್ತಿರುವಾಗ ಬಯಾಸ್ ಮಾತ್ರ ನಿಂತಲ್ಲೇ ನಿಂತರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಏರುವುದಾದರೆ ಎಲ್ಲವೂ ಕೂಡಿ ಏರಲಿ, ಇಳಿಯುವುದಾದರೆ ಕೂಡಿ ಇಳಿಯಲಿ. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗಲೂ ಗಮನಿಸಿ. 220 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ 245ರಲ್ಲಿ ತಂತುವಿಗೆ 6.3ರ ಬದಲು 7 ವೋಲ್ಟ್ ಕೊಡುತ್ತದೆ. ಅದು ವಾಲ್ವ್‌ನ ಆಯುಷ್ಯವನ್ನು ತಿನ್ನುತ್ತದೆ.

ಪ್ರಾಣಕ್ಕಿಂತ ದನಿ ದೊಡ್ಡದಲ್ಲ

ಟ್ರಾನ್ಸಿಸ್ಟರಿನ ಮಂಡಲಗಳಲ್ಲಿ ಕೈಯಾಡಿಸಿ ಅಭ್ಯಾಸವಾದವರು ಒಂದನ್ನು ಮರೆಯುತ್ತಾರೆ. ವಾಲ್ವ್ ಪೆಟ್ಟಿಗೆಯ 400 ವೋಲ್ಟ್ ಕೊಲ್ಲಬಲ್ಲದು, ಪ್ಲಗ್ ಕಿತ್ತ ಮೇಲೂ ಕೊಲ್ಲಬಲ್ಲದು. ಕೆಪಾಸಿಟರುಗಳಲ್ಲಿ ಆವೇಶ ಉಳಿದಿರುತ್ತದೆ. ಅದು ತಾನಾಗಿ ಬರಿದಾಗಲು ಕೆಪಾಸಿಟರಿಗೆ ಅಡ್ಡಲಾಗಿ ಒಂದು ರೆಸಿಸ್ಟರನ್ನು ಕಾಯಂ ಆಗಿ ಹಾಕಿ. ಆಮೇಲೂ ಮೀಟರಿನಿಂದ ಸೊನ್ನೆ ನೋಡಿಯೇ ಕೈಯಿಡಿ. ಚಾಲೂ ಇರುವಾಗ ಅಳೆಯಬೇಕಾದರೆ ಒಂದು ಕೈ ಕಿಸೆಯಲ್ಲಿರಲಿ. ಒಬ್ಬರೇ ಇದ್ದಾಗ ಆ ಕೆಲಸ ಬೇಡ.

ಇದಕ್ಕಿಂತ ದೊಡ್ಡ ಅಪಾಯ ಹಳೆಯ ರೇಡಿಯೊಗಳದು. ಎ.ಸಿ. ಮತ್ತು ಡಿ.ಸಿ. ಎರಡರಲ್ಲೂ ನಡೆಯಲೆಂದು ಟ್ರಾನ್ಸ್‌ಫಾರ್ಮರ್ ಇಲ್ಲದೆ ಮಾಡಿದ ಸೆಟ್ಟುಗಳು ಇಂದಿಗೂ ಅಟ್ಟದ ಮೇಲೆ ಸಿಗುತ್ತವೆ. ಇವುಗಳ ವಾಲ್ವ್ ಹೆಸರು ಹೆಚ್ಚಾಗಿ ‘ಯು’ ಅಕ್ಷರದಿಂದ ಶುರುವಾಗುತ್ತದೆ. ಇವುಗಳ ಷಾಸಿ ನೇರವಾಗಿ ವಿದ್ಯುತ್ ತಂತಿಗೇ ಸೇರಿರುತ್ತದೆ. ಮರದ ಪೆಟ್ಟಿಗೆಯೊಳಗೆ ಇದ್ದಷ್ಟು ದಿನ ಅದು ಯಾರಿಗೂ ತಾಗುತ್ತಿರಲಿಲ್ಲ. ಅದನ್ನೇ ಗಿಟಾರ್ ಆಂಪ್ಲಿಫೈಯರ್ ಮಾಡಿದರೆ ಏನಾಗುತ್ತದೆ? ಗಿಟಾರಿನ ಲೋಹದ ತಂತಿಗಳು ಷಾಸಿಗೆ ಸೇರುತ್ತವೆ. ನುಡಿಸುವವನ ಬೆರಳು ತಂತಿಯ ಮೇಲೆಯೇ ಇರುತ್ತದೆ. ಪ್ಲಗ್ ತಿರುಗಿಸಿ ಹಾಕಿದ ದಿನ ಅವನು ಬದುಕಿ ಉಳಿಯುವುದು ಅದೃಷ್ಟ. ಅಂಥ ಸೆಟ್ಟಿನಿಂದ ಗಿಟಾರ್ ಆಂಪ್ಲಿಫೈಯರ್ ಮಾಡಲೇಬೇಡಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೂ ಮೂರು ಪಿನ್ನಿನ ಪ್ಲಗ್, ಷಾಸಿಗೆ ಭದ್ರವಾದ ಅರ್ತಿಂಗ್ ಕಡ್ಡಾಯ.

ಬಯಾಸ್ ಎಲ್ಲಿ ಹೋಗಿತ್ತು?

ಈಗ ಜಾತ್ರೆಯ ರಾತ್ರಿಗೆ ಮರಳೋಣ. ಮೈಕ್‌ಸೆಟ್ಟಿನ ಹಿರಿಯರು ಬ್ಯಾಟರಿಯ ಬೆಳಕಿನಲ್ಲಿ ಪೆಟ್ಟಿಗೆ ಮಗುಚಿದರು. ವಾಲ್ವನ್ನು ಅವರು ಮುಟ್ಟಲೇ ಇಲ್ಲ. ಮೇಣ ಬಳಿದ ಒಂದು ಸಣ್ಣ ಕಾಗದದ ಕೆಪಾಸಿಟರನ್ನು ಕತ್ತರಿಸಿ ತೆಗೆದು ಬೇರೆಯದನ್ನು ಬೆಸುಗೆ ಹಾಕಿದರು. ಅರ್ಧ ಗಂಟೆಯಲ್ಲಿ ನಾಟಕ ಮತ್ತೆ ಶುರುವಾಯಿತು.

ಅವರು ಮಾಡಿದ್ದೇನೆಂದು ನನಗೆ ತಿಳಿದದ್ದು ವರ್ಷಗಳ ನಂತರ. ಮುಂಚಿನ ವಾಲ್ವ್‌ನ ಆನೋಡಿನಿಂದ ಈ ವಾಲ್ವ್‌ನ ಗ್ರಿಡ್ಡಿಗೆ ಸಂಕೇತವನ್ನು ಮಾತ್ರ ದಾಟಿಸಿ, ಅಲ್ಲಿಯ ಧನ ವೋಲ್ಟೇಜನ್ನು ತಡೆಯುವುದು ಆ ಕೆಪಾಸಿಟರಿನ ಕೆಲಸ. ಶಾಖ, ತೇವ, ಧೂಳುಗಳಿಂದ ಹಳೆಯ ಕಾಗದದ ಕೆಪಾಸಿಟರ್ ಸೋರತೊಡಗುತ್ತದೆ. ಅದರ ರೋಧ 2 ಕೋಟಿ ಓಮಿಗೆ ಇಳಿದಿದೆ ಎನ್ನಿ. ಸಾಧಾರಣ ಮೀಟರು ಇದನ್ನು ಸೋರಿಕೆ ಎಂದು ಗುರುತಿಸುವುದೂ ಕಷ್ಟ. ಗ್ರಿಡ್ಡಿನಿಂದ ಷಾಸಿಗೆ 4,70,000 ಓಮ್ ರೆಸಿಸ್ಟರ್ ಇದೆ, ಆ ಕಡೆ 150 ವೋಲ್ಟ್ ಇದೆ. ಲೆಕ್ಕ ಹಾಕಿದರೆ ಗ್ರಿಡ್ಡಿಗೆ ಧನ 3.4 ವೋಲ್ಟ್ ಬರುತ್ತದೆ. 7.3 ವೋಲ್ಟ್ ಬಯಾಸ್ ಬೇಕಾದ ವಾಲ್ವ್‌ಗೆ ಇದರಿಂದ ಅರ್ಧದಷ್ಟು ಕಡಿವಾಣವೇ ಕಳಚಿದಂತೆ. ಕ್ಯಾಥೋಡ್ ರೆಸಿಸ್ಟರ್ ಇದ್ದರೆ ಅದು ಸ್ವಲ್ಪಮಟ್ಟಿಗೆ ಎಳೆದು ಹಿಡಿಯುತ್ತದೆ, ಫಿಕ್ಸೆಡ್ ಬಯಾಸಿನಲ್ಲಿ ಹಿಡಿಯುವವರೇ ಇಲ್ಲ.

ಲೋವೆನ್‌ಸ್ಟೈನನ ಹೆಸರನ್ನು ಆ ಹಿರಿಯರು ಕೇಳಿದ್ದರೋ ಇಲ್ಲವೋ. ಆದರೆ ಕೆಂಪಾದ ತಗಡನ್ನು ಕಂಡು ವಾಲ್ವನ್ನು ಬೈಯದೆ, ಅದರ ಕಡಿವಾಣ ಎಲ್ಲಿ ಕಳಚಿತೆಂದು ಹುಡುಕಿದರು. ನೀವು ಕಟ್ಟಿದ ಆಂಪ್ಲಿಫೈಯರಿನ ವಾಲ್ವ್ ಎಂದಾದರೂ ಕೆಂಪಾದರೆ ಮೊದಲು ಮೇನ್ ತೆಗೆಯಿರಿ, ಕೆಪಾಸಿಟರುಗಳು ಬರಿದಾಗಲಿ. ಆಮೇಲೆ ಹೊಸ ವಾಲ್ವ್‌ಗೆ ದುಡ್ಡು ಹೊಂದಿಸುವ ಮುನ್ನ ಆ ಸಣ್ಣ ಕೆಪಾಸಿಟರಿನ ಕಡೆ ನೋಡಿ.